ಕಾರ್ಬನ್ ವೀಲ್‌ಗೆ ಬಿದ್ದ ಪೆಟ್ಟು ಹೊರಗೆ ಕಾಣುವುದಿಲ್ಲ: ಸಾರಿಗೆ ಇಲಾಖೆಗೆ ಶಿವಮೊಗ್ಗದಿಂದ ಒಂದು ಬಹಿರಂಗ ಪತ್ರ

ರಾಜ್ಯದ ಸಾರಿಗೆ ಆಯುಕ್ತರಿಗೆ, ಶಿವಮೊಗ್ಗ ಮತ್ತು ಸಾಗರದ ಸಾರಿಗೆ ಅಧಿಕಾರಿಗಳಿಗೆ, ಮಲೆನಾಡಿನ ರಸ್ತೆಗಳಲ್ಲಿ ಬೈಕ್ ಓಡಿಸುವ ಎಲ್ಲರಿಗೆ,

ನಮಸ್ಕಾರ.

ನಾನು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡುವವನು. ಎರಕದಿಂದ ಬಂದ ಲೋಹದಲ್ಲಿ ಬಿರುಕು ಇದೆಯಾ, ಒಳಗೆ ಗಾಳಿ ಸಿಕ್ಕಿಕೊಂಡು ಟೊಳ್ಳಾಗಿದೆಯಾ ಅಂತ ನೋಡುವುದು ನನ್ನ ಕೆಲಸ. ಬಿಡುವು ಸಿಕ್ಕಾಗ ಬೈಕ್ ಓಡಿಸುತ್ತೇನೆ. ಹಾಗಾಗಿ ಗಾಲಿಯ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ಹತ್ತಿರ ನಿಂತು ನೋಡಿ. ಆಗುಂಬೆ ಕಡೆಗೆ ದೊಡ್ಡ ದೊಡ್ಡ ಬೈಕುಗಳು ಹೋಗುತ್ತಿರುತ್ತವೆ. ಬೆಂಗಳೂರು, ಮಂಗಳೂರಿನವು ಇರುತ್ತವೆ. ಈಗೀಗ ನಮ್ಮ ಕೆಎ-14, ಕೆಎ-15 ನಂಬರಿನವೂ ಕಾಣುತ್ತವೆ. ಅವುಗಳಲ್ಲಿ ಕೆಲವಕ್ಕೆ ಕಪ್ಪಗೆ ಮಿನುಗುವ, ಬಟ್ಟೆಯ ನೇಯ್ಗೆ ಕಾಣುವ ಕಾರ್ಬನ್ ಫೈಬರ್ ವೀಲ್ ಇರುತ್ತದೆ. ಜೋಡಿಗೆ ಲಕ್ಷಗಟ್ಟಲೆ ಬೆಲೆ. ಹೊಸದಾಗಿ ತರಿಸಿಕೊಂಡವರು ಕೆಲವರು. ಬೈಕಿನ ಜೊತೆಗೋ ಬಿಡಿಯಾಗೋ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡವರೇ ಜಾಸ್ತಿ.

ನನ್ನ ಮನವಿ ಇಷ್ಟೇ. ಪೆಟ್ಟು ತಿಂದ ಕಾರ್ಬನ್ ವೀಲ್ ತನ್ನ ಗಾಯವನ್ನು ಹೊರಗೆ ತೋರಿಸುವುದಿಲ್ಲ. ಲೋಹದ ವೀಲಿನ ಹಾಗೆ ಅದನ್ನು ಕಣ್ಣಲ್ಲಿ ನೋಡಿ ಪಾಸ್ ಮಾಡಬೇಡಿ. ಮಾರುವ ಕಡೆ, ಬೈಕಿಗೆ ಕೂರಿಸುವ ಕಡೆ, ಅಪಘಾತವಾದ ಮೇಲೆ ತನಿಖೆ ಮಾಡುವ ಕಡೆ ಇದಕ್ಕೆ ಬೇರೆಯದೇ ಕ್ರಮ ಬೇಕು. ಇವತ್ತು ಈ ಮೂರೂ ಕಡೆ ಯಾರೂ ನೋಡುತ್ತಿಲ್ಲ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕಾರ್ಬನ್ ವೀಲ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ದಕ್ಷಿಣ ಆಫ್ರಿಕಾದ ಬಿಎಸ್‌ಟಿ, ಸ್ಲೊವೇನಿಯಾದ ರೋಟೋಬಾಕ್ಸ್, ಇಂಗ್ಲೆಂಡಿನ ಡೈಮ್ಯಾಗ್ ಇವನ್ನು ಶ್ರದ್ಧೆಯಿಂದ ಮಾಡುವ ಕಂಪನಿಗಳು. ಬಿಎಂಡಬ್ಲ್ಯೂ ಕಂಪನಿ 2017ರಲ್ಲಿ ಎಚ್‌ಪಿ4 ರೇಸ್ ಅನ್ನುವ ಬೈಕಿಗೆ ಫ್ರೇಮನ್ನೂ ವೀಲನ್ನೂ ಕಾರ್ಬನ್‌ನಲ್ಲೇ ಮಾಡಿತು. ಫೋರ್ಜ್ ಮಾಡಿದ, ಅಂದರೆ ಕಾಸಿ ಒತ್ತಿ ರೂಪಿಸಿದ, ಅಲಾಯ್ ವೀಲಿಗಿಂತ ಶೇಕಡಾ 30ರಷ್ಟು ಹಗುರ ಅಂತ ಹೇಳಿಕೊಂಡಿತು. ತಿರುಗುವ ಭಾಗ ಹಗುರವಾದರೆ ಬೈಕ್ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಸಲೀಸಾಗಿ ವಾಲುತ್ತದೆ. ಓಡಿಸಿದವರಿಗೆ ಆ ವ್ಯತ್ಯಾಸ ಮೊದಲ ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ. ಆದರೂ ಒಂದು ವಿಷಯ ಗಮನಿಸಿ. ಮೋಟೋಜಿಪಿ ರೇಸಿನ ಬೈಕಿನಲ್ಲಿ ಬಾಡಿ ಕಾರ್ಬನ್, ಬ್ರೇಕ್ ಡಿಸ್ಕ್ ಕೂಡ ಕಾರ್ಬನ್. ಗಾಲಿ ಮಾತ್ರ ಮೆಗ್ನೀಸಿಯಂ ಲೋಹದ್ದು.

ಈ ವೀಲ್ ಹೇಗೆ ಮುರಿಯುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪತ್ರದ ಜೀವ ಇಲ್ಲೇ ಇದೆ.

ಕಾರ್ಬನ್ ಎಳೆ ತಲೆಕೂದಲಿನ ಹತ್ತನೇ ಒಂದು ಭಾಗದಷ್ಟು ಸಣ್ಣ. ಅಂಥ ಸಾವಿರಾರು ಎಳೆಗಳ ಕಟ್ಟುಗಳನ್ನು ಬಟ್ಟೆಯಂತೆ ನೇಯ್ದು ಅಥವಾ ಒಂದೇ ದಿಕ್ಕಿಗೆ ಹಾಸಿ, ಪದರದ ಮೇಲೆ ಪದರ ಇಟ್ಟು, ಎಪಾಕ್ಸಿ ಅಂಟಿನಿಂದ ಕೂಡಿಸಿ, ಒತ್ತಡ ಮತ್ತು ಶಾಖ ಕೊಟ್ಟು ಗಟ್ಟಿ ಮಾಡುತ್ತಾರೆ. ಎಳೆ ಮಲಗಿದ ದಿಕ್ಕಿನಲ್ಲಿ ಎಳೆದರೆ ಅದರ ಶಕ್ತಿಗೆ ಸಾಟಿ ಇಲ್ಲ. ಪದರ ಮತ್ತು ಪದರದ ನಡುವೆ ಹಿಡಿದಿರುವುದು ಮಾತ್ರ ಅಂಟು. ಅಡ್ಡ ದಿಕ್ಕಿನಿಂದ ಪೆಟ್ಟು ಬಿದ್ದರೆ ಮೊದಲು ಬಿಡುವುದು ಈ ಅಂಟು. ಮೇಲಿನ ಪದರ ಹಾಗೇ ಇರುತ್ತದೆ, ಮೇಲಿನ ಹೊಳಪೂ ಹಾಗೇ ಇರುತ್ತದೆ. ಒಳಗಿನ ಎರಡು ಪದರಗಳು ಬೇರೆಯಾಗಿರುತ್ತವೆ. ವಿಮಾನ ರಿಪೇರಿ ಮಾಡುವವರು ಈ ಕಾಣದ ಪೆಟ್ಟಿಗೆ ಬಹಳ ಹೆದರುತ್ತಾರೆ. ಅದಕ್ಕೆಂದೇ ಅಲ್ಟ್ರಾಸೌಂಡ್ ಯಂತ್ರ ಹಿಡಿದು ಹುಡುಕುತ್ತಾರೆ.

ಲೋಹ ಹಾಗಲ್ಲ. ಒಳ್ಳೆಯ ಫೋರ್ಜ್ ಅಲ್ಯೂಮಿನಿಯಂ ಮುರಿಯುವ ಮೊದಲು ಶೇಕಡಾ 10ರ ಹತ್ತಿರ ಹಿಗ್ಗುತ್ತದೆ. ಗುಂಡಿಗೆ ಬಿದ್ದರೆ ರಿಮ್ ಸೊಟ್ಟಗಾಗುತ್ತದೆ, ಹ್ಯಾಂಡಲ್ ಅಲುಗುತ್ತದೆ, ಸವಾರನಿಗೆ ಅನುಮಾನ ಬರುತ್ತದೆ. ಕಾರ್ಬನ್ ಎಳೆ ಶೇಕಡಾ 2ರ ಆಸುಪಾಸಿನಲ್ಲೇ ತುಂಡಾಗುತ್ತದೆ. ಬಾಗಿ ಬಾಗಿ ಎಚ್ಚರಿಕೆ ಕೊಡುವ ಅಭ್ಯಾಸ ಅದಕ್ಕಿಲ್ಲ. ಒಂದು ಪೆಟ್ಟಿಗೆ ಒಳಗೆ ಬಿಟ್ಟುಕೊಂಡ ಜಾಗ, ಆಮೇಲಿನ ಪ್ರತಿ ಸುತ್ತಿಗೂ, ಪ್ರತಿ ಬ್ರೇಕಿಗೂ ಸ್ವಲ್ಪ ಸ್ವಲ್ಪವೇ ಹರಡುತ್ತದೆ. ಆಮೇಲೊಂದು ದಿನ ಸಣ್ಣ ಗುಂಡಿಗೂ ರಿಮ್ಮಿನ ಅಂಚು ಕಿತ್ತು ಬರುತ್ತದೆ. ಟ್ಯೂಬ್‌ಲೆಸ್ ಟೈರಿನ ಗಾಳಿ ಒಮ್ಮೆಗೇ ಹೋಗುತ್ತದೆ. ಅದು ಮುಂದಿನ ಚಕ್ರವಾಗಿದ್ದರೆ, ಅದೂ ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒಂದರಲ್ಲಾಗಿದ್ದರೆ, ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ನಾನು ಓದಿ ಮಾತ್ರ ಹೇಳುತ್ತಿಲ್ಲ. ನನ್ನ ಅಕ್ಕನ ಮಗ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸೂಪರ್‌ಬೈಕ್ ತಂದ. ಕಾರ್ಬನ್ ವೀಲ್ ಇದೆ ಅಂತಲೇ ಜಾಸ್ತಿ ದುಡ್ಡು ಕೊಟ್ಟಿದ್ದ. ಮಳೆಗಾಲದಲ್ಲಿ ಮಂಡಗದ್ದೆಯ ಹತ್ತಿರ ನೀರು ನಿಂತ ಗುಂಡಿಗೆ ಹಿಂದಿನ ಚಕ್ರ ಬಿತ್ತು. ಬೈಕ್ ಬೀಳಲಿಲ್ಲ. ಇಳಿದು ನೋಡಿದ, ರಿಮ್ಮಿನ ಮೇಲೆ ಒಂದು ಗೀರೂ ಇರಲಿಲ್ಲ. ಆಮೇಲೆ ಟೈರಿನ ಗಾಳಿ ನಿಲ್ಲುವುದನ್ನು ಬಿಟ್ಟಿತು. ತೀರ್ಥಹಳ್ಳಿಯ ಪಂಚರ್ ಅಂಗಡಿಯಲ್ಲಿ ಟೈರ್ ಪರೀಕ್ಷೆ ಮಾಡಿ ಪಂಚರ್ ಇಲ್ಲ ಅಂದರು, ವಾಲ್ವ್ ಬದಲಿಸಿ ಕಳಿಸಿದರು. ಅವರ ತಪ್ಪೇನಿಲ್ಲ, ಅಂಥ ವೀಲನ್ನು ಅವರು ಮೊದಲ ಸಲ ನೋಡುತ್ತಿದ್ದರು.

"ಮಾಮ, ಟೈರ್ ಹೊಸದು, ವಾಲ್ವ್ ಹೊಸದು, ಆದ್ರೂ ಬೆಳಿಗ್ಗೆ ಎದ್ದು ನೋಡಿದ್ರೆ ಗಾಳಿ ಇಳಿದಿರುತ್ತೆ" ಅಂತ ಫೋನ್ ಮಾಡಿದ. ಮನೆಗೆ ತರಲು ಹೇಳಿದೆ, ಓಡಿಸಿಕೊಂಡು ಬರಬೇಡ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಾ ಅಂದೆ. ಅಂಗಳದಲ್ಲಿ ನಿಲ್ಲಿಸಿ, ಸೋಪಿನ ನೀರು ಮಾಡಿ ಬ್ರಷ್‌ನಲ್ಲಿ ಇಡೀ ಚಕ್ರಕ್ಕೆ ಬಳಿದೆವು. ಟೈರಿನ ಅಂಚಿನಲ್ಲಿ ಗುಳ್ಳೆ ಬರಲಿಲ್ಲ, ವಾಲ್ವಿನಲ್ಲೂ ಇಲ್ಲ. ಕಡ್ಡಿ ಬಂದು ರಿಮ್ಮಿಗೆ ಸೇರುವ ಜಾಗದಲ್ಲಿ, ನೊರೆಯ ನಡುವೆ ಸಾಸಿವೆಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಒರೆಸಿ ನೋಡಿದರೆ ಕೂದಲಿನಂಥ ಒಂದು ಗೆರೆ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತಿತ್ತು.

ಐದು ರೂಪಾಯಿ ನಾಣ್ಯ ತಗೊಂಡು ರಿಮ್ಮಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬಂದೆ. ಹಲಸಿನ ಹಣ್ಣನ್ನು ಬಡಿದು ನೋಡುತ್ತೇವಲ್ಲ, ಹಾಗೆ ಕಿವಿಗೊಟ್ಟು ಕೇಳಬೇಕು. ಗಟ್ಟಿ ಇರುವಲ್ಲಿ ಟಿಣ್ ಟಿಣ್ ಅಂತ ಚುರುಕಾದ ಸದ್ದು. ಆ ಗೆರೆಯಿಂದ ಅಂಗೈ ಅಗಲದಷ್ಟು ಜಾಗದಲ್ಲಿ ಡಬ್ ಡಬ್ ಅಂತ ಸತ್ತ ಸದ್ದು. ಗೆರೆ ಇದ್ದದ್ದು ಒಂದು ಕಡೆ, ಒಳಗಿನ ಗಾಯ ಅದಕ್ಕಿಂತ ಎಷ್ಟೋ ದೊಡ್ಡದು. ಟೈರ್ ಬಿಚ್ಚಿಸಿದಾಗ ರಿಮ್ಮಿನ ಒಳಮೈಯಲ್ಲಿ ಮಾಸಲು ಬಿಳಿ ಮಡಿಕೆಯೊಂದು ಕಾಣಿಸಿತು. ಎಳೆಗಳು ತುಂಡಾಗಿ ನಿಗುರಿದ್ದವು. ಆ ಹುಡುಗ ಮರುದಿನ ಗೆಳೆಯರ ಜೊತೆ ಘಾಟಿ ಇಳಿದು ಉಡುಪಿಗೆ ಹೋಗುವವನಿದ್ದ. ಅಕ್ಕನಿಗೆ ನಾವು ಇದನ್ನು ಪೂರ್ತಿ ಹೇಳಿಲ್ಲ.

ಬೈಕ್ ಮಾರಿದವರನ್ನು ಕೇಳಿದೆವು. "ಮೇಲಿನ ಲ್ಯಾಕರ್ ಗೀರಿದೆ ಅಷ್ಟೇ, ಸ್ವಲ್ಪ ಅರಾಲ್ಡೈಟ್ ಹಾಕಿ ಕ್ಲಿಯರ್ ಕೋಟ್ ಹೊಡೆಸಿ" ಅಂದರು. ಸಾಹೇಬರೇ, ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಈ ಉತ್ತರ. ಅಲಾಯ್ ವೀಲ್ ಸೊಟ್ಟಗಾದರೆ ನಮ್ಮ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಬೆಂಡ್ ತೆಗೆಸುತ್ತೇವೆ. ಅದೂ ಎಲ್ಲ ಸಲ ಸರಿಯಲ್ಲ, ಆದರೂ ಅಭ್ಯಾಸವಾಗಿದೆ. ಕಾರ್ಬನ್‌ಗೆ ಬೆಂಡ್ ತೆಗೆಯುವುದು ಅಂತ ಒಂದು ಕೆಲಸವೇ ಇಲ್ಲ. ತುಂಡಾದ ಎಳೆಯನ್ನು ಮೇಲಿನಿಂದ ಅಂಟು ಸುರಿದು ಕೂಡಿಸಲು ಬರುವುದಿಲ್ಲ. ಅಂಟು ಹಚ್ಚಿ, ಉಜ್ಜಿ, ಪಾಲಿಶ್ ಮಾಡಿದರೆ ಗಾಯ ಮುಚ್ಚಿಹೋಗುತ್ತದೆ, ಇನ್ನೊಬ್ಬ ಹುಡುಗನಿಗೆ ಅದು "ಮಿಂಟ್ ಕಂಡೀಶನ್" ಅಂತ ಮಾರಾಟವಾಗುತ್ತದೆ. ಹೀಗೆ ಮುಚ್ಚಿದ ವೀಲುಗಳು ಎಷ್ಟು ಕೈ ಬದಲಾಗಿವೆಯೋ ಯಾರಿಗೆ ಗೊತ್ತು?

ಇದರ ಜೊತೆಗೆ ನಕಲಿಯದೂ ಒಂದು ಕಾಟ. ಮಾಮೂಲಿ ಎರಕದ ವೀಲಿಗೆ ನೀರಿನಲ್ಲಿ ತೇಲಿಸಿದ ಪ್ರಿಂಟ್ ಫಿಲ್ಮ್ ಹತ್ತಿಸಿ ಕಾರ್ಬನ್ ಥರ ಕಾಣುವಂತೆ ಮಾಡುತ್ತಾರೆ. ಅದರಲ್ಲಿ ಹೋಗುವುದು ದುಡ್ಡು ಮಾತ್ರ. ನಿಜವಾದ ಕಾರ್ಬನ್ನನ್ನೇ ಅಗ್ಗದ ಅಂಟು ಹಾಕಿ, ಪರೀಕ್ಷೆಯಿಲ್ಲದೆ ಮಾಡಿ ಮಾರುವುದು ಜೀವಕ್ಕೆ ಬರುತ್ತದೆ. ಎಪಾಕ್ಸಿಗೆ ಒಂದು ಶಾಖದ ಮಿತಿ ಇರುತ್ತದೆ, ಅದು ದಾಟಿದರೆ ಮೆತ್ತಗಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಡಿಸ್ಕ್ ಕಾಯುತ್ತದೆ, ಆ ಕಾವು ಹಬ್ಬಿನ, ಅಂದರೆ ಚಕ್ರದ ನಡುಭಾಗದ, ಕಡೆಗೆ ಹೋಗುತ್ತದೆ. ಒಳ್ಳೆಯ ಕಂಪನಿ ಇದನ್ನು ಲೆಕ್ಕ ಹಾಕಿಯೇ ಅಂಟು ಆರಿಸುತ್ತದೆ. ಹೆಸರಿಲ್ಲದವರು ಏನು ಹಾಕಿದ್ದಾರೆ ಅಂತ ವೀಲ್ ನೋಡಿ ಹೇಳಲು ನನ್ನಿಂದಲೂ ಆಗುವುದಿಲ್ಲ, ನಿಮ್ಮ ಇನ್‌ಸ್ಪೆಕ್ಟರಿಂದಲೂ ಆಗುವುದಿಲ್ಲ.

ಮಲೆನಾಡಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಹುಲಿಕಲ್, ಹೊಸನಗರದ ಕಡೆ ಹೇಳುವುದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿ ಯಾವುದು, ಸುಮ್ನೆ ನಿಂತ ನೀರು ಯಾವುದು ಅಂತ ಗೊತ್ತಾಗುವುದಿಲ್ಲ. ಈ ಬೈಕುಗಳ ಮುಂದಿನ ಟೈರ್ ಸಾಮಾನ್ಯವಾಗಿ 120/70 ಅಳತೆಯದು. ಅಂದರೆ ರಸ್ತೆಗೂ ರಿಮ್ಮಿಗೂ ನಡುವೆ ಇರುವ ರಬ್ಬರಿನ ಎತ್ತರ 84 ಮಿಲಿಮೀಟರ್ ಅಷ್ಟೇ. ಗಾಳಿ ಕಡಿಮೆ ಇದ್ದರೆ ಗುಂಡಿಯ ಅಂಚು ನೇರ ರಿಮ್ಮಿಗೇ ಬಡಿಯುತ್ತದೆ.

ನೀರಿನದು ಇನ್ನೊಂದು ಕಥೆ. ಕಾರ್ಬನ್ ಮೂಲಕ ವಿದ್ಯುತ್ ಹರಿಯುತ್ತದೆ. ಅದಕ್ಕೆ ಅಲ್ಯೂಮಿನಿಯಂ ತಾಗಿಕೊಂಡು, ನಡುವೆ ತೇವ ಸೇರಿದರೆ, ಅಲ್ಯೂಮಿನಿಯಂ ನಿಧಾನವಾಗಿ ಕರಗುತ್ತದೆ, ಬಿಳಿ ಪುಡಿಯಾಗುತ್ತದೆ. ವೀಲಿನ ಹಬ್ಬು, ಬೇರಿಂಗ್ ಕೂರುವ ಜಾಗ, ಡಿಸ್ಕ್ ಬೋಲ್ಟ್ ಹಿಡಿಯುವ ಜಾಗ ಬಹಳ ಸಲ ಅಲ್ಯೂಮಿನಿಯಮ್ಮೇ. ತಿಳಿದವರು ಎರಡರ ನಡುವೆ ಗಾಜಿನ ನಾರಿನ ಪದರ ಹಾಕಿ ಬೇರೆ ಮಾಡುತ್ತಾರೆ. ಆ ಪದರವೋ ಮೇಲಿನ ಲ್ಯಾಕರೋ ಕೆತ್ತಿಹೋಗಿದ್ದರೆ ನಾಲ್ಕು ತಿಂಗಳು ಬಿಡದೆ ಒದ್ದೆಯಾಗುವ ನಮ್ಮ ಊರಲ್ಲಿ ಅದು ಬೇಗ ಕೆಡುತ್ತದೆ. ಕರಾವಳಿಗೆ ಇಳಿದು ಉಪ್ಪುಗಾಳಿಯಲ್ಲಿ ಓಡಾಡಿ ಬಂದರಂತೂ ಇನ್ನೂ ಬೇಗ.

ಪಂಚರ್ ಅಂಗಡಿಗಳ ವಿಷಯ. ಕಬ್ಬಿಣದ ಲಿವರ್ ಹಾಕಿ ಟೈರ್ ಎಬ್ಬಿಸುವುದು ನಮ್ಮಲ್ಲಿ ವಾಡಿಕೆ. ಕಾರ್ಬನ್ ರಿಮ್ಮಿನ ಅಂಚಿಗೆ ಆ ಲಿವರೇ ಶತ್ರು. ಪ್ಲಾಸ್ಟಿಕ್ ಗಾರ್ಡ್ ಇರುವ ಯಂತ್ರದಲ್ಲೇ ಬಿಚ್ಚಬೇಕು, ಬ್ಯಾಲೆನ್ಸ್ ತೂಕ ಬಡಿದು ಸಿಕ್ಕಿಸಬಾರದು, ಅಂಟಿಸುವಂಥದ್ದನ್ನೇ ಹಾಕಬೇಕು. ಇದನ್ನು ಅವರಿಗೆ ಇದುವರೆಗೆ ಯಾರೂ ಹೇಳಿಕೊಟ್ಟಿಲ್ಲ.

ಈಗ ಕಾನೂನಿಗೆ ಬರುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅದರಂತೆ ಮಾಲೀಕ ಮಾಡಿಸಿಕೊಂಡ ಒಂದೊಂದು ಬದಲಾವಣೆಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ. ಸುರಕ್ಷತೆಗೆ ಮುಖ್ಯ ಅಂತ ಸರ್ಕಾರ ಗುರುತಿಸಿದ ಬಿಡಿಭಾಗ ಮಾನದಂಡಕ್ಕೆ ತಕ್ಕಂತೆ ಇಲ್ಲದಿದ್ದರೆ ಮಾರಿದವನಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ದಂಡ. ದ್ವಿಚಕ್ರ, ತ್ರಿಚಕ್ರ ವಾಹನಗಳ ರಿಮ್ಮಿಗೆ ಐಎಸ್ 16192 ಅನ್ನುವ ಮಾನದಂಡವೂ ಇದೆ.

ಇಷ್ಟೆಲ್ಲ ಇದ್ದರೂ ರಸ್ತೆಯಲ್ಲಿ ಹಿಡಿಯುವುದು ಸೈಲೆನ್ಸರ್ ಮತ್ತು ನಂಬರ್ ಪ್ಲೇಟ್. ಅದು ಬೇಡ ಅನ್ನುತ್ತಿಲ್ಲ. ಆದರೆ ಸದ್ದು ಮಾಡುವ ಸೈಲೆನ್ಸರಿನಿಂದ ಯಾರ ಗಾಲಿಯೂ ಒಡೆಯುವುದಿಲ್ಲ. ದಯವಿಟ್ಟು ಒಂದು ಸುತ್ತೋಲೆ ಹೊರಡಿಸಿ, ಕನ್ನಡದಲ್ಲೇ ಹೊರಡಿಸಿ. ಕಂಪನಿಯಿಂದಲೇ ಕಾರ್ಬನ್ ವೀಲ್ ಹಾಕಿ ಬಂದ ಬೈಕಿಗೆ ಏನು ನಿಯಮ, ಹೊರಗಿನಿಂದ ತಂದು ಹಾಕಿದ್ದಕ್ಕೆ ಏನು ನಿಯಮ, ಯಾವ ಪರೀಕ್ಷೆಯ ಗುರುತು ರಿಮ್ಮಿನ ಮೇಲೆ ಇರಬೇಕು, ಅದನ್ನು ಆರ್‌ಸಿಯಲ್ಲಿ ಹೇಗೆ ಬರೆಸಬೇಕು ಅಂತ ತಿಳಿಸಿ. ಈಗ ಏನೂ ಸ್ಪಷ್ಟವಿಲ್ಲದ ಕಾರಣ ಹುಡುಗರು ಬಚ್ಚಿಡುತ್ತಾರೆ. ಇನ್ಶೂರೆನ್ಸ್‌ನವರಿಗೂ ಹೇಳುವುದಿಲ್ಲ. ಪೆಟ್ಟಾದಾಗ ತೋರಿಸಲು ಹೋಗುವುದೂ ಇಲ್ಲ. ಬೈಕ್ ಕೈ ಬದಲಾಗುವಾಗ, ವೀಲ್ ಕಾರ್ಬನ್ ಆಗಿದ್ದರೆ, ಟೈರ್ ಬಿಚ್ಚಿ ಒಳಮೈ ನೋಡಿದ, ತಟ್ಟಿ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಿದ ಒಂದು ಕಾಗದ ಕಡ್ಡಾಯ ಮಾಡಿ. ನಮ್ಮ ಊರು ಫೌಂಡ್ರಿಗಳ ಊರು, ಪಕ್ಕದಲ್ಲೇ ಭದ್ರಾವತಿ ಇದೆ. ಬಿರುಕು ಹುಡುಕುವುದೇ ಕಸುಬಾದ ಜನ ಇಲ್ಲಿ ಎಷ್ಟೋ ಇದ್ದಾರೆ, ಇಂಜಿನಿಯರಿಂಗ್ ಕಾಲೇಜುಗಳಿವೆ. ಇಲ್ಲಿಂದಲೇ ಶುರು ಮಾಡಬಹುದು ಅಲ್ವಾ?

ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಇನ್ನೊಂದಿದೆ. ಅಪಘಾತವಾದ ಮೇಲೆ ಮೋಟಾರು ವಾಹನ ನಿರೀಕ್ಷಕರು, ನಾವು ಬ್ರೇಕ್ ಇನ್‌ಸ್ಪೆಕ್ಟರ್ ಅನ್ನುತ್ತೇವಲ್ಲ ಅವರು, ವಾಹನ ನೋಡಿ ಐಎಂವಿ ವರದಿ ಕೊಡುತ್ತಾರೆ. ಯಾಂತ್ರಿಕ ದೋಷದಿಂದ ಅಪಘಾತ ಆಯಿತೇ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಬರೆಯಬೇಕು. ಬ್ರೇಕ್ ಹಿಡಿಯುತ್ತಿದ್ದರೆ, ಸ್ಟೇರಿಂಗ್ ತಿರುಗುತ್ತಿದ್ದರೆ "ಇಲ್ಲ" ಅಂತ ಬರೆದು ಮುಗಿಯುತ್ತದೆ. ಒಡೆದ ಗಾಲಿ ಬಿದ್ದ ರಭಸಕ್ಕೆ ಒಡೆಯಿತೋ, ಗಾಲಿ ಒಡೆದದ್ದಕ್ಕೆ ಬೈಕ್ ಬಿತ್ತೋ ಅಂತ ಯಾರು ನೋಡಿದರು? ಒಡೆದ ಮುಖವನ್ನು ಲೆನ್ಸ್ ಹಿಡಿದು ನೋಡಿದರೆ ಅದು ಹೇಳುತ್ತದೆ. ಅಂಟು ಹಿಂದೆಯೇ ಬಿಟ್ಟಿದ್ದ ಜಾಗದಲ್ಲಿ ಕೊಳೆ, ಕೆಸರು, ಟೈರಿಗೆ ಹಚ್ಚುವ ಸೋಪಿನ ಕಲೆ ಸೇರಿರುತ್ತದೆ. ಹೊಸದಾಗಿ ಒಡೆದ ಜಾಗ ಚೊಕ್ಕಟವಾಗಿರುತ್ತದೆ. ನೋಡುವವರಿಲ್ಲದೆ ಆ ವೀಲ್ ಠಾಣೆಯ ಅಂಗಳದಲ್ಲಿ ಮಳೆಗೆ ನೆನೆದು ಗುಜರಿಗೆ ಹೋಗುತ್ತದೆ. ಕೇಸಿನ ಕಾಗದದಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಅಂತ ಉಳಿಯುತ್ತದೆ. ಸತ್ತ ಹುಡುಗನ ಮೇಲೆ ತಪ್ಪು ಹೊರಿಸಿ ಮನೆಯವರನ್ನು ಕಳಿಸುವ ಮೊದಲು ಅವನ ಗಾಲಿಯನ್ನು ಒಮ್ಮೆ ಸರಿಯಾಗಿ ನೋಡಿ. ಐಎಂವಿ ನಮೂನೆಯಲ್ಲಿ ರಿಮ್ಮಿಗೆ ಬೇರೆ ಸಾಲು ಇಡಿ: ಯಾವ ವಸ್ತು, ಯಾರು ಮಾಡಿದ್ದು, ಯಾವ ಗುರುತು, ಒಡೆದ ಜಾಗದ ಹತ್ತಿರದ ಫೋಟೋ. ಕಾರ್ಬನ್ ಆಗಿದ್ದರೆ ಆ ವೀಲನ್ನು ಕೇಸು ಮುಗಿಯುವವರೆಗೆ ಒಣಗಿದ ಜಾಗದಲ್ಲಿ ಇಡಿಸಿ. ಹೀಗೆ ಬರೆದಿಟ್ಟರೆ ಮಾತ್ರ ಯಾವ ವೀಲ್ ಒಡೆಯುತ್ತಿದೆ ಅಂತ ನಮಗೆ ತಿಳಿಯುತ್ತದೆ.

ರಸ್ತೆ ನೋಡಿಕೊಳ್ಳುವ ಇಲಾಖೆಗಳಿಗೂ ಒಂದು ಮಾತು. ಅದೇ 2019ರ ತಿದ್ದುಪಡಿಯ 198ಎ ಕಲಂ ರಸ್ತೆ ಕಟ್ಟುವುದರಲ್ಲಿ, ನಿರ್ವಹಿಸುವುದರಲ್ಲಿ ಮಾನದಂಡ ಮೀರಿ ಸಾವೋ ಅಂಗವೈಕಲ್ಯವೋ ಆದರೆ ಹೊಣೆಯಾದವರಿಗೆ ಒಂದು ಲಕ್ಷದವರೆಗೆ ದಂಡ ಅನ್ನುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಗುಂಡಿ ಮುಚ್ಚಿ. ಗುಂಡಿಗೆ ಕಾರ್ಬನ್, ಅಲಾಯ್, ಸೈಕಲ್ ಅಂತ ಭೇದವಿಲ್ಲ.

ಇನ್ನು ನಮ್ಮ ಹುಡುಗರಿಗೆ, ಹುಡುಗಿಯರಿಗೆ. ನೀವು ದುಡಿದು ಕೂಡಿಟ್ಟು ತಗೊಂಡ ಬೈಕು, ಅದರ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಕೇಳಿದರೆ ಮಲೆನಾಡಿನ ರಸ್ತೆಗೆ ಕಾರ್ಬನ್ ವೀಲ್ ಬೇಡ ಅಂತಲೇ ಹೇಳುತ್ತೇನೆ. ಫೋರ್ಜ್ ಅಲಾಯ್ ಇರಲಿ, ಕಾಡುರಸ್ತೆಗೆ ತಂತಿ ಕಡ್ಡಿಯ ಚಕ್ರ ಇನ್ನೂ ಒಳ್ಳೆಯದು, ಅದು ಪೆಟ್ಟನ್ನು ಬಗ್ಗಿ ತಾಳಿಕೊಳ್ಳುತ್ತದೆ. ಹಾಕಿಸಿಯೇ ಆಗಿದ್ದರೆ, ಹೊರಡುವ ಮೊದಲು ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಪಂಚರ್ ಇಲ್ಲದೆ ಗಾಳಿ ಇಳಿಯುತ್ತಿದ್ದರೆ ಅದನ್ನು ಸಣ್ಣ ವಿಷಯ ಅಂತ ಬಿಡಬೇಡಿ, ಸೋಪಿನ ನೀರು ಬಳಿಯಿರಿ, ನಾಣ್ಯ ತಟ್ಟಿ. ಜೋರಾಗಿ ಗುಂಡಿಗೆ ಬಿದ್ದ ಮೇಲೆ ಏನೂ ಕಾಣದಿದ್ದರೂ ಟೈರ್ ಬಿಚ್ಚಿಸಿ ಒಳಗೆ ನೋಡಿ. ಅನುಮಾನ ಇದ್ದರೆ ಆ ವೀಲ್ ಮುಗಿಯಿತು. ಮಾರಬೇಡಿ, ಯಾರಿಗೂ ಕೊಡಬೇಡಿ, ಗರಗಸದಲ್ಲಿ ಕೊಯ್ದುಬಿಡಿ.

ನಮ್ಮ ಹುಡುಗ ಹಾಗೇ ಮಾಡಿದ. ದುಡ್ಡು ಹೋಯಿತು ಅಂತ ಅತ್ತ, ಆದರೂ ಕೊಯ್ದ. ಆ ತುಂಡುಗಳು ನನ್ನ ಹತ್ತಿರ ಇವೆ. ಪದರ ಬಿಟ್ಟಿರುವುದು ಬರಿಗಣ್ಣಿಗೇ ಕಾಣುತ್ತದೆ, ತಟ್ಟಿದರೆ ಸದ್ದಿನ ವ್ಯತ್ಯಾಸವೂ ಕೇಳುತ್ತದೆ. ಶಿವಮೊಗ್ಗ ಅಥವಾ ಸಾಗರದ ಕಚೇರಿಯಲ್ಲಿ ನಿರೀಕ್ಷಕರಿಗೆ, ಪಂಚರ್ ಅಂಗಡಿಯವರಿಗೆ, ಮೆಕ್ಯಾನಿಕ್‌ಗಳಿಗೆ ಅರ್ಧ ದಿನದ ತರಬೇತಿ ಇಡಿ. ತುಂಡುಗಳನ್ನು ನಾನು ತರುತ್ತೇನೆ, ಫೌಂಡ್ರಿಯ ಒಂದಿಬ್ಬರು ಗೆಳೆಯರೂ ಬರುತ್ತೇವೆ ಅಂದಿದ್ದಾರೆ. ಮಳೆಗಾಲಕ್ಕೆ ಮೊದಲೇ ಒಂದು ದಿನ ಗೊತ್ತುಮಾಡಿ ತಿಳಿಸಿ, ರಜೆ ಹಾಕಿ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಫೌಂಡ್ರಿಯ ಒಬ್ಬ ನೌಕರ
ಶಿವಮೊಗ್ಗ